ಗೇಟಿಗೆ ಎಣ್ಣೆ

ಜೂನ್ ೪

ಅತ್ತೆಗೆ,

ನಾನು ಚೆನ್ನಾಗಿದ್ದೇನೆ. ಪತ್ರ ಹೀಗೇ ಶುರುವಾಗಬೇಕು ಅಂತ ರೇಡಿಯೋ ಹೇಳಿದಳು. ರೇಡಿಯೋ ಅಂದರೆ ನನ್ನ ಕೋಣೆಯಲ್ಲಿರುವ ಹುಡುಗಿ, ನನಗಿಂತ ಒಂದು ವರ್ಷ ದೊಡ್ಡವಳು, ಹದಿನೇಳು. ಎದ್ದಾಗಿನಿಂದ ಮಲಗುವವರೆಗೆ ಮಾತಾಡುತ್ತಾಳೆ, ಮಲಗಿದ ಮೇಲೂ ಸ್ವಲ್ಪ ಮಾತಾಡುತ್ತಾಳೆ. ಅದಕ್ಕೇ ಆ ಹೆಸರು.

ಭಾನುವಾರ ಈ ಮಕ್ಕಳ ಕೇಂದ್ರದಲ್ಲಿ ಫೋನ್ ಕೊಡುತ್ತಾರೆ. ಆದರೆ ನೀನು "ಹಲೋ, ಇದ್ದೀಯೇನೇ, ಹಲೋ" ಅನ್ನುತ್ತಲೇ ಇರುತ್ತೀಯ. ಇದ್ದೇನೆ ಅಂತ ನಾನು ಹೇಳುವಷ್ಟರಲ್ಲಿ ಮುಂದಿನವರ ಸರದಿ ಬಂದಿರುತ್ತದೆ. ಹಾಗಾಗಿ ಕೌನ್ಸೆಲರ್ ಮೇಡಂ ಪತ್ರ ಬರಿ ಅಂದರು. ಬರೆದದ್ದನ್ನು ಅವರು ಓದುವುದಿಲ್ಲ.

ಮೇಡಂ ಕೋಣೆಯಲ್ಲಿ ಎರಡು ಕುರ್ಚಿ ಇವೆ. ಮೊದಲ ದಿನ, "ನಿನಗೆ ಹೇಗೆ ಬೇಕೋ ಹಾಗೆ ಹಾಕ್ಕೋ" ಅಂದರು. ನಾನು ನನ್ನದನ್ನು ಗೋಡೆಗೆ ಒತ್ತಿ, ಬಾಗಿಲು ಕಾಣುವ ಹಾಗೆ ಇಟ್ಟುಕೊಂಡೆ. ಈಗ ನಾನು ಹೋಗುವ ಮೊದಲೇ ಅದು ಹಾಗೇ ಇರುತ್ತದೆ. ಮೂಲೆಯಲ್ಲಿ ಒಂದು ಕಪಾಟಿದೆ. ಅದರಲ್ಲಿ ಸ್ಟೀಲ್ ತಟ್ಟೆ, ತಗಡಿನ ಡಬ್ಬ, ಸೀಟಿ, ಒಂದು ಗಂಟೆ. ಹೊರಡುವ ಮೊದಲು ಯಾವುದಾದರೂ ಒಂದರಿಂದ ಸದ್ದು ಮಾಡಬಹುದು, ಬೇಕಿದ್ದರೆ ಮಾತ್ರ. ರೇಡಿಯೋ ಎಲ್ಲವನ್ನೂ ಒಟ್ಟಿಗೇ ಬೀಳಿಸಿ ಬರುತ್ತಾಳೆ. ನಾನು ತಟ್ಟೆ ಹಿಡಿದುಕೊಂಡು ನಿಲ್ಲುತ್ತೇನೆ. ಆಮೇಲೆ ಮೆಲ್ಲಗೆ ವಾಪಸು ಇಡುತ್ತೇನೆ.

ಕಾಗದದ ಮೇಲೆ ಒಂದು ಮನುಷ್ಯನ ಆಕಾರ ಬರೆದು, ಎಲ್ಲೆಲ್ಲಿ ಏನೇನು ಅನ್ನಿಸುತ್ತದೋ ಅಲ್ಲಿ ಬಣ್ಣ ತುಂಬು ಅಂದರು. ನಾನು ತುಂಬಲಿಲ್ಲ. ಹಟದಿಂದಲ್ಲ. ಎಲ್ಲಿ ತುಂಬಬೇಕು ಅಂತ ಹುಡುಕಿದೆ, ಸಿಗಲಿಲ್ಲ. ಕೊಟ್ಟ ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟು ಬಂದೆ.

ಆಗಸ್ಟ್ ಕೊನೆಗೆ ಸಭೆ ಇದೆ. ಇಲ್ಲಿಂದ ಎಲ್ಲಿಗೆ ಹೋಗುತ್ತೀಯ ಅಂತ ಅಲ್ಲಿ ನನ್ನನ್ನೇ ಕೇಳುತ್ತಾರಂತೆ. ನಿನ್ನ ಮನೆಗೆ, ಇಲ್ಲವಾದರೆ ದೊಡ್ಡ ಹುಡುಗಿಯರ ಹಾಸ್ಟೆಲ್ಲಿಗೆ. ಐದು ವರ್ಷದಿಂದ ಅತ್ತೆ ಮನೆಯಲ್ಲೇ ಇದ್ದೇನಲ್ಲ, ಮತ್ತೆ ಯಾಕೆ ಕೇಳುತ್ತೀರಿ ಅಂದೆ. "ಇರೋದು ಬೇರೆ, ಇರ್ಬೇಕು ಅಂತ ಅನ್ಸೋದು ಬೇರೆ" ಅಂದರು ಮೇಡಂ. ನನಗೆ ಏನೂ ಅನ್ನಿಸುವುದಿಲ್ಲ ಅಂದೆ. ಬರೆದುಕೊಂಡರು.

ಊಟ ಪರವಾಗಿಲ್ಲ. ಹಾಸಿಗೆ ಪರವಾಗಿಲ್ಲ.

ಬೆಕ್ಕು

ಜೂನ್ ೧೧

ನನ್ನ ಬೆಕ್ಕಿನ ಮರಿಗೆ,

ಮೊದಲನೇ ಸಾಲಿನಲ್ಲೇ "ಚೆನ್ನಾಗಿದ್ದೇನೆ" ಅಂತ ನೋಡಿ ನನ್ನ ಜೀವ ತಣ್ಣಗಾಯಿತು. ಮೂರು ಸಲ ಓದಿದೆ. ಊಟ ಪರವಾಗಿಲ್ಲ, ಹಾಸಿಗೆ ಪರವಾಗಿಲ್ಲ ಅಂದರೆ ಇನ್ನೇನು ಬೇಕು ಹೇಳು. ಶಾಲೆಯಲ್ಲಿ ಬೆಂಚು ಬಿದ್ದ ಸದ್ದಿಗೆ ನೀನು ಟೀಚರ್ ಮೇಜಿನ ಕೆಳಗೆ ಸೇರಿಕೊಂಡು, ಆಮೇಲೆ ಎಷ್ಟು ದಿನ ಬಾಯಿ ಬಿಡದೆ ಕೂತಿದ್ದೆ ಅಂತ ನೆನೆದರೆ ಈಗಲೂ ಹೊಲಿಗೆ ಸೊಟ್ಟಗೆ ಹೋಗುತ್ತದೆ. ಈಗ ಹೀಗೆ ಉದ್ದ ಪತ್ರ ಬರೆಯುತ್ತಿದ್ದೀಯ! ಆ ಮೇಡಂ ಕೈಗುಣ ಒಳ್ಳೆಯದಿರಬೇಕು.

ಇಲ್ಲಿ ನನ್ನ ಗೋಳು ಕೇಳು. ವ್ಯಾನಿನವನು ಮತ್ತೆ ಸೀಟ್ ಕವರ್ ತಂದು ಹಾಕಿದ್ದಾನೆ, ಅದೂ ದಪ್ಪ ರೆಕ್ಸಿನ್. ಸೂಜಿ ಮುರಿಯುತ್ತದೆ, ನನ್ನ ಸೊಂಟ ಮುರಿಯುತ್ತದೆ, ಅವನ ಮುಖದ ನಗು ಮಾತ್ರ ಮುರಿಯುವುದಿಲ್ಲ. ಮಷೀನು ಬೆಳಗಿನಿಂದ ದಡಬಡ ಅಂತಲೇ ಇರುತ್ತದೆ. ನೆನ್ನೆ ಮಹಡಿ ಮನೆಯ ಮೇಷ್ಟ್ರು ಇಳಿದು ಬಂದು, "ನೀವು ಹೊಲಿಯೋಕೆ ಕೂತ್ರೆ ನಮ್ಮನೇಲಿ ಲೋಟಗಳು ಕುಣೀತವೆ ಕಣಮ್ಮ" ಅಂದರು. "ಕುಣೀಲಿ ಬಿಡಿ ಮೇಷ್ಟ್ರೇ, ನಿಮ್ಮನೇಲಿ ಲೋಟಗಳಾದ್ರೂ ಕುಣೀತವಲ್ಲ" ಅಂದೆ. ಅವರ ಹೆಂಡತಿ ಮೆಟ್ಟಿಲ ಮೇಲೆ ನಿಂತು ನಕ್ಕಿದ್ದು ರಸ್ತೆಗೆ ಕೇಳಿಸಿತು.

ಗೇಟಿನದೂ ಅದೇ ಹಾಡು. ಪೋಸ್ಟ್‌ಮ್ಯಾನ್ ನಿನ್ನ ಪತ್ರ ತಂದಾಗ ಕಿರ್ರ್ ಅಂತ ಎಂಥ ಸದ್ದು ಮಾಡಿತೆಂದರೆ, ಸೂಜಿ ಬೆರಳಿಗೇ ಇಳಿಯುವುದರಲ್ಲಿತ್ತು. ಮಷೀನಿನ ಎಣ್ಣೆ ಕೈಗೆ ಸಿಗುವಲ್ಲೇ ಇದೆ, ಗೇಟು ಅಂಗಳ ದಾಟಿದರೆ ಇದೆ, ಆದರೂ ಇಷ್ಟು ವರ್ಷದಲ್ಲಿ ನಾನು ಎದ್ದು ಹೋಗಿ ಹಾಕಿದ್ದರೆ ಕೇಳು! ನಾನೊಬ್ಬಳು ಸೋಮಾರಿ. ಪಾಪ ನೀನು, ಸದ್ದು ಕಂಡರೆ ಆಗದವಳು, ಇಂಥ ಗದ್ದಲದ ಮನೆಯಲ್ಲಿ ಐದು ವರ್ಷ ಹೇಗೆ ಇದ್ದೆಯೋ. ನೀನು ನಡೆದರೆ ನೆಲಕ್ಕೂ ಗೊತ್ತಾಗುವುದಿಲ್ಲ. ಎಷ್ಟು ಸಲ ಹಿಂದೆ ಬಂದು ನಿಂತು ನನ್ನನ್ನು ಬೆಚ್ಚಿಬೀಳಿಸಿದ್ದೀಯ, ಬೆಕ್ಕೇ.

ಸಭೆಯ ವಿಷಯಕ್ಕೆ ಯಾಕೆ ಇಷ್ಟು ಯೋಚನೆ? ನಿನ್ನ ಮಂಚಕ್ಕೆ ಹೊಸ ಹಾಸು ಹೊಲಿದಿಟ್ಟಿದ್ದೇನೆ, ಉಳಿದ ರೆಕ್ಸಿನ್ನಿನಲ್ಲಿ ಅಲ್ಲ, ಬಟ್ಟೆಯಲ್ಲೇ. ಬರುತ್ತೇನೆ ಅಂತ ಒಂದು ಮಾತು ಹೇಳಿ ಬಂದುಬಿಡು.

ನಿನ್ನ ಬಾಯಿಬಡುಕಿ ಅತ್ತೆ

ಜೂನ್ ೨೫

ಅತ್ತೆಗೆ,

ಚೆನ್ನಾಗಿದ್ದೇನೆ. ಲೋಟ ಕುಣಿದದ್ದನ್ನು ರೇಡಿಯೋಗೆ ಓದಿ ಹೇಳಿದೆ. ಅವಳು ತುಂಬ ನಕ್ಕಳು. ಎಲ್ಲಿ ನಗಬೇಕು ಅಂತ ನನಗೆ ಗೊತ್ತಾಯಿತು, ನಗು ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಗುರುವಾರ ಎಲ್ಲರೂ ಒಟ್ಟಿಗೆ ವೃತ್ತವಾಗಿ ಕೂರುತ್ತೇವೆ. ಈ ಸಲ ನನ್ನ ಸರದಿ. ತಟ್ಟೆ ಸಿಂಕಿನಲ್ಲಿ ಸದ್ದು ಮಾಡಿದ್ದು, ನಿನ್ನ ತಮ್ಮ ಬಂದದ್ದು, ಎಡಗಿವಿ ಅವತ್ತಿನಿಂದ ಸರಿಯಾಗಿ ಕೇಳಿಸದೇ ಇರುವುದು, ಎಲ್ಲ ಹೇಳಿದೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಗೆ ಒಂದು ಸಣ್ಣ ಸದ್ದೂ ಆಗುತ್ತಿರಲಿಲ್ಲ ಅಂತಲೂ ಹೇಳಿದೆ. ಬಸ್ಸು ಎಷ್ಟು ಹೊತ್ತಿಗೆ ಇದೆ ಅಂತ ಹೇಳುವ ಹಾಗೆ ಹೇಳಿದೆನಂತೆ. ಎದುರಿಗಿದ್ದ ಉದ್ದ ಹುಡುಗ ಅಳುತ್ತಿದ್ದ. ನನ್ನ ವಿಷಯಕ್ಕೆ ಅವನು ಅಳುತ್ತಿದ್ದಾನೆ, ನಾನು ಅವನ ಷೂ ದಾರ ಬಿಚ್ಚಿಕೊಂಡಿದೆಯಲ್ಲ ಅಂತ ನೋಡುತ್ತಿದ್ದೆ.

ನನ್ನಲ್ಲಿ ಏನೋ ಕೆಟ್ಟು ಹೋಗಿದೆಯಾ ಅಂತ ಆಮೇಲೆ ಮೇಡಂ ಹತ್ತಿರ ಕೇಳಿದೆ. "ಏನೂ ಅನ್ಸದ ಹಾಗೆ ಇರೋದೂ ಒಂದು ಕೆಲಸಾನೇ. ನಿನ್ನ ಮೈ ಅದನ್ನ ತುಂಬಾ ವರ್ಷ ರಜ ಇಲ್ದೆ ಮಾಡಿದೆ. ಅದಕ್ಕೆ ಕೆಲಸ ಮುಗೀತು ಅಂತ ಇನ್ನೂ ಯಾರೂ ಹೇಳಿಲ್ಲ, ಅಷ್ಟೆ" ಅಂದರು. ಹಾಗಾದರೆ ನೀವೇ ಹೇಳಿ ಅಂದೆ. ನಾನು ಹೇಳಿದರೆ ಅದು ನಂಬುವುದಿಲ್ಲ, ನಂಬುವಂಥದ್ದು ಅದಕ್ಕೇ ಕಾಣಬೇಕು ಅಂದರು.

ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ಕೇಳಿಸಿದಾಗ ಹೆದರಿಕೆ ಆಗದ ಸದ್ದು ಯಾವುದಾದರೂ ಇದೆಯಾ ಅಂತ. ಇದೆ ಅಂದೆ. ಯಾವುದು ಅಂತ ಅವರಿಗೆ ಹೇಳಿದೆ. ನಿನಗೆ ಹೇಳುವುದಿಲ್ಲ. ನೀನು ನಗುತ್ತೀಯ, ಮೇಷ್ಟ್ರ ಹೆಂಡತಿಗೂ ಹೇಳುತ್ತೀಯ.

ಸಭೆಯಲ್ಲಿ ನಿನ್ನ ಮನೆ ಅಂತಲೇ ಹೇಳುವುದು ಅಂದುಕೊಂಡಿದ್ದೇನೆ. ಅನ್ನಿಸುತ್ತದೆ ಅಂತಲ್ಲ. ಆ ಕಾಗದದ ಆಕಾರದಲ್ಲಿ ಎಡಗಿವಿಗೆ ಮಾತ್ರ ಬೂದು ಬಣ್ಣ ಹಾಕಿದೆ. ಉಳಿದದ್ದು ಖಾಲಿ.

ಬೆಕ್ಕು

ಜುಲೈ ೯

ಮಗೂ,

ಬರೆಯಲು ತಡವಾಯಿತು. ಮನೆಯಲ್ಲಿ ಸ್ವಲ್ಪ ಕೆಲಸ ಇತ್ತು.

ನೀನು ಚೆನ್ನಾಗಿರುವುದು ಸಂತೋಷ. ನನಗೂ ಆರೋಗ್ಯ ಇದೆ. ಮಷೀನನ್ನು ಹಿತ್ತಿಲ ಕೋಣೆಗೆ ಹಾಕಿದ್ದೇನೆ. ಮಧ್ಯಾಹ್ನ ಒಂದೆರಡು ಗಂಟೆ ಮಾತ್ರ ಹೊಲಿಯುತ್ತೇನೆ, ಅಷ್ಟು ಸಾಕು. ವ್ಯಾನಿನವನಿಗೆ ಬೇರೆ ಕಡೆ ಕೊಡಪ್ಪ ಅಂದೆ. ವಯಸ್ಸಾಯಿತಲ್ಲ.

ನೀನು ಬರುವ ಹೊತ್ತಿಗೆ ಮನೆ ನೋಡಬೇಕು. ಕಿಟಕಿಯ ಚಿಲಕ ಗಟಗಟ ಅನ್ನುತ್ತಿತ್ತಲ್ಲ, ಅದು ಸರಿಯಾಗಿದೆ. ಅಡುಗೆಮನೆ ಬಾಗಿಲು ಈಗ ನೆಲಕ್ಕೆ ಉಜ್ಜುವುದಿಲ್ಲ. ಗೇಟಿಗೂ ಎಣ್ಣೆ ಬಿದ್ದು ಹೂವಿನ ಹಾಗೆ ತೆರೆಯುತ್ತದೆ. ಪೋಸ್ಟ್‌ಮ್ಯಾನ್ ಬಂದು ಬಾಗಿಲಲ್ಲಿ ನಿಂತರೂ ಗೊತ್ತಾಗುವುದಿಲ್ಲ. ಒಂದು ಸದ್ದಿಲ್ಲ, ಗದ್ದಲವಿಲ್ಲ. ನಿನಗೆ ಬೇಕಾಗಿದ್ದ ಮನೆ ಈಗ ಆಯಿತು ಅಂತ ನನಗೆ ಅನ್ನಿಸುತ್ತದೆ. ಹಾಸ್ಟೆಲ್ಲಿನಲ್ಲಿ ಇಂಥ ನೆಮ್ಮದಿ ಎಲ್ಲಿ ಸಿಗಬೇಕು.

ಹೆದರಿಕೆಯಾಗದ ಸದ್ದು ಯಾವುದು ಅಂತ ನಾನು ಕೇಳುವುದಿಲ್ಲ. ನಿನಗೆ ಹೇಳಬೇಕು ಅನ್ನಿಸಿದಾಗ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ನು ನಿಲ್ಲಿಸುತ್ತೇನೆ, ಒಲೆಯ ಮೇಲೆ ಇಟ್ಟು ಬಂದಿದ್ದೇನೆ.

ಅತ್ತೆ

ಜುಲೈ ೧೬

ಅತ್ತೆಗೆ,

ಗೇಟಿಗೆ ಎಣ್ಣೆ ಹಾಕಿದ್ದು ಯಾರು?

ನೀನಲ್ಲ. ಎಣ್ಣೆ ಡಬ್ಬಿ ಐದು ವರ್ಷ ನಿನ್ನ ಮೊಣಕಾಲಿನ ಹತ್ತಿರವೇ ಇತ್ತು, ನೀನು ಎದ್ದು ಹೋಗಲಿಲ್ಲ. ಚಿಲಕ, ಅಡುಗೆಮನೆ ಬಾಗಿಲು, ಗೇಟು. ನಮ್ಮ ಮನೆಯಲ್ಲೂ ಇದೇ ಕ್ರಮದಲ್ಲಿ ಆಗುತ್ತಿತ್ತು. ಭಾನುವಾರ ಅವರು ಎಣ್ಣೆ ಡಬ್ಬಿ ಹಿಡಿದು ಒಂದೊಂದೇ ಬಾಗಿಲಿಗೆ ಹಾಕಿಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲಿ ಯಾವ ಬಾಗಿಲೂ ಸದ್ದು ಮಾಡುತ್ತಿರಲಿಲ್ಲ ಅತ್ತೆ. ಅದಕ್ಕೇ ಅವರು ಯಾವಾಗ ಬಂದರು, ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ.

ಆ ಸದ್ದು ಯಾವುದು ಅಂತ ಈಗ ಹೇಳುತ್ತೇನೆ. ನಿನ್ನ ಗೇಟು. ಕಿರ್ರ್ ಅಂದರೆ ಯಾರೋ ಬಂದರು, ಅನ್ನದಿದ್ದರೆ ಯಾರೂ ಬಂದಿಲ್ಲ. ನಿನ್ನ ಮನೆಗೆ ಬಂದ ಮೊದಲ ವಾರ ನಾನು ಅದನ್ನೇ ಕೇಳುತ್ತಾ ಮಲಗುತ್ತಿದ್ದೆ. ಆಮೇಲೆ ಮಷೀನು. ಅದು ದಡಬಡ ಅನ್ನುತ್ತಿದ್ದರೆ ನೀನು ಯಾರಿಗೂ ಹೆದರಿಕೊಂಡಿಲ್ಲ ಅಂತ ಅರ್ಥ. ನನಗೆ ಸದ್ದು ಕಂಡರೆ ಆಗುವುದಿಲ್ಲ ಅಂತ ನೀನು ಅಂದುಕೊಂಡಿದ್ದೀಯ. ನಾನು ಸದ್ದು ಮಾಡುವುದಿಲ್ಲ, ಅಷ್ಟೇ. ಎರಡೂ ಬೇರೆ.

ಅವರು ಬಂದಿದ್ದಾರಾ?

ನಾನು ಚೆನ್ನಾಗಿದ್ದೇನೆ ಅಂತ ಈ ಸಲ ಮೊದಲಿಗೆ ಬರೆಯಲು ಮರೆತೆ.

ಬೆಕ್ಕು

ಜುಲೈ ೨೨

ಮಗೂ,

ಬಂದಿದ್ದಾನೆ. ನಿನ್ನಿಂದ ಮುಚ್ಚಿಡಬೇಕು ಅಂತಲ್ಲ. ನಿನ್ನ ಮನಸ್ಸು ಈಗಷ್ಟೇ ಒಂದು ದಾರಿಗೆ ಬರುತ್ತಿದೆ, ಕದಡಬಾರದು ಅಂತ ಸುಮ್ಮನಿದ್ದೆ.

ಕೆಲಸದ ಜಾಗದಲ್ಲಿ ಬಿದ್ದು ಕಾಲು ಮುರಿದಿದೆ. ನೋಡಿಕೊಳ್ಳಲು ಯಾರೂ ಇಲ್ಲ. ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಾಗ ಹೋಗು ಅನ್ನಲು ನನಗೆ ನಾಲಿಗೆ ಏಳಲಿಲ್ಲ. ನಮ್ಮಮ್ಮ ಹೋದಾಗ ಅವನಿಗೆ ಆರು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ನಿನ್ನ ಅಪ್ಪ ಈಗ ಮೊದಲಿನ ಹಾಗಿಲ್ಲ. ಏರಿದ ದನಿಯಲ್ಲಿ ಒಂದು ಮಾತಾಡುವುದಿಲ್ಲ. ಕೂತಲ್ಲೇ ಏನಾದರೂ ರಿಪೇರಿ ಮಾಡುತ್ತಾನೆ. "ಅಕ್ಕ, ಸ್ವಲ್ಪ ಮೆಲ್ಲಗೆ" ಅಂತ ಅಂದರೆ ಅಷ್ಟೇ, ಬೇರೇನೂ ಇಲ್ಲ.

ನಿನ್ನ ಕೋಣೆಯಲ್ಲಿ ಇದ್ದಾನೆ. ಬಚ್ಚಲಿಗೆ ಹತ್ತಿರ ಅಂತ ಕೊಟ್ಟೆ. ನೀನು ಬರುವ ಹೊತ್ತಿಗೆ ಹೋಗಿರುತ್ತಾನೆ. ಹೋಗದಿದ್ದರೂ, ಒಂದು ಸಲ ನೋಡಿದರೆ ಎಷ್ಟು ಬದಲಾಗಿದ್ದಾನೆ ಅಂತ ನಿನಗೇ ಗೊತ್ತಾಗುತ್ತದೆ. ಕೋಪ ಇಟ್ಟುಕೊಂಡು ಎಷ್ಟು ದಿನ ಬದುಕಲು ಆಗುತ್ತದೆ ಹೇಳು.

ಸಭೆಯಲ್ಲಿ ದುಡುಕಿ ಏನೂ ಹೇಳಬೇಡ.

ಅತ್ತೆ

ಜುಲೈ ೨೯

ಅತ್ತೆಗೆ,

ನನಗೆ ಕೋಪ ಇಲ್ಲ. ಇದ್ದಿದ್ದರೆ ಕಾಗದದ ಆಕಾರದಲ್ಲಿ ಎಲ್ಲಾದರೂ ಕೆಂಪು ಹಾಕಿರುತ್ತಿದ್ದೆ.

ಅವರು ಅಲ್ಲಿರುವುದನ್ನು ಮೇಡಂಗೆ ಹೇಳಿದೆ. ಇಂಥದ್ದನ್ನು ಮೇಡಂ ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ, ಅದನ್ನು ಮೊದಲ ದಿನವೇ ಹೇಳಿದ್ದರು. ನಿನಗೆ ಫೋನ್ ಮಾಡುತ್ತಾರೆ. ನಿನ್ನ ತಮ್ಮ ಆ ಮನೆಯಲ್ಲಿ ಇರುವವರೆಗೆ ನನ್ನನ್ನು ಅಲ್ಲಿಗೆ ಕಳಿಸುವ ಮಾತೇ ಇಲ್ಲವಂತೆ. ಅದು ನಾನು ಹೇಳಿದ್ದಕ್ಕಲ್ಲ, ನಿಯಮವೇ ಹಾಗಿದೆಯಂತೆ. ಆದರೂ ನಾನು ಹೇಳಿದ್ದೇನೆ.

ಸೋಮವಾರ ತಟ್ಟೆ ಬೀಳಿಸಿದೆ. ತುಂಬ ಹೊತ್ತು ಹಿಡಿದುಕೊಂಡೇ ಇದ್ದೆ, ಆಮೇಲೆ ಬಿಟ್ಟೆ. ದೊಡ್ಡ ಸದ್ದಾಯಿತು. ತಿರುಗಿ ತಿರುಗಿ ನಿಂತಿತು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಯಾರೂ ಬರಲಿಲ್ಲ. "ಏನನ್ಸ್ತು?" ಅಂತ ಮೇಡಂ ಕೇಳಿದರು. ಯಾರೂ ಬರಲಿಲ್ಲ ಅಂದೆ. ಆಮೇಲೆ ಊಟಕ್ಕೆ ಹೋದೆ.

ನಿನ್ನ ಹೊಸ ಎರಡು ಪತ್ರಗಳನ್ನು ಹಳೆಯದರ ಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ಮೇಷ್ಟ್ರಿಲ್ಲ, ಅವರ ಹೆಂಡತಿ ಇಲ್ಲ, ನಿನ್ನ ಸೊಂಟ ಇಲ್ಲ. ನನ್ನನ್ನು ಬೆಕ್ಕು ಅಂತಲೂ ಕರೆದಿಲ್ಲ. ಅವರು ಬದಲಾಗಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಬದಲಾಗಿದ್ದೀಯ. ಪಾತ್ರೆ ಕೆಳಗಿಡುವಾಗ ನಿನ್ನ ಕೈಯನ್ನು ಒಮ್ಮೆ ನೋಡಿಕೋ. ತಳ ತಾಗುವ ಮೊದಲು ಕಿರುಬೆರಳು ಕೆಳಗೆ ಇಡುತ್ತಿದ್ದೀಯಾ? ನಾನು ಹಾಗೇ ಇಡುವುದು. ಬೆರಳಿಗೆ ತಾಗಿ ಆಮೇಲೆ ನೆಲಕ್ಕೆ ತಾಗಿದರೆ ಸದ್ದಾಗುವುದಿಲ್ಲ.

ಸಭೆಯಲ್ಲಿ ಹಾಸ್ಟೆಲ್ ಅಂತ ಹೇಳುತ್ತೇನೆ. ನೀನು ನನ್ನ ಮಂಚಕ್ಕೆ ಹೊಲಿದ ಹಾಸಿನ ಮೇಲೆ ಈಗ ಅವರು ಮಲಗುತ್ತಾರಾ? ಉತ್ತರ ಬೇಕಾಗಿಲ್ಲ.

ಬೆಕ್ಕು

ಆಗಸ್ಟ್ ೧೪

ಅತ್ತೆಗೆ,

ಪತ್ರ ಬರಲಿಲ್ಲ. ಫೋನ್ ಕೂಡ ಎತ್ತುತ್ತಿಲ್ಲವಂತೆ. ಪರವಾಗಿಲ್ಲ. ಅವರು ನಿನ್ನ ತಮ್ಮ, ನಾನು ಆಮೇಲೆ ಬಂದವಳು. ರೇಡಿಯೋ ನಿನ್ನನ್ನು ತುಂಬ ಬೈದಳು. ಬೈಯಬೇಡ ಅಂದೆ.

ಹಾಸ್ಟೆಲ್ಲಿನ ಫೋಟೋ ತೋರಿಸಿದರು. ಕಬ್ಬಿಣದ ಮಂಚ, ಕಿಟಕಿಗೆ ನೀಲಿ ಪರದೆ. ನಿನ್ನ ಕೆಲಸದಷ್ಟು ಚೆನ್ನಾಗಿ ಹೊಲಿದಿಲ್ಲ, ಅಂಚು ಎದ್ದಿದೆ.

ಬೆಕ್ಕು

ಆಗಸ್ಟ್ ೨೦

ನನ್ನ ಮಗೂ,

ಅಕ್ಷರ ಸೊಟ್ಟಗಿದೆ. ಎರಡೂ ಅಂಗೈ ಸುಟ್ಟಿವೆ, ಬಲಗೈಗೆ ಹೆಚ್ಚು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಬೇರೆ ಯಾರ ಕೈಯಲ್ಲಾದರೂ ಬರೆಸಬಹುದಿತ್ತು, ಆದರೆ ಇದನ್ನು ಯಾರಿಗೆ ಹೇಳಿ ಬರೆಸಲಿ. ನೀನು ಏನಂದುಕೊಂಡಿದ್ದೀಯ ಅಂತ ಗೊತ್ತಿದ್ದೂ ಗೊತ್ತಿದ್ದೂ ಸುಮ್ಮನೆ ಕೂತಿದ್ದೆ ನೋಡು, ಅದು ಈ ಸುಟ್ಟ ಕೈಗಿಂತ ಹೆಚ್ಚು ಉರಿಯಿತು.

ನಿನ್ನ ಜುಲೈ ಕೊನೆಯ ಪತ್ರ ಅಡುಗೆಮನೆಯಲ್ಲಿ ನಿಂತು ಓದಿದೆ. ಕಿರುಬೆರಳು ಅಂತ ಇದ್ದಲ್ಲಿ ನನಗೆ ರೇಗಿತು. ಇವಳಿಗೆ ಎಲ್ಲದರಲ್ಲೂ ಅನುಮಾನ ಅಂದುಕೊಂಡೆ. ಪತ್ರ ಸೆರಗಿಗೆ ಸಿಕ್ಕಿಸಿಕೊಂಡು ಸಾರಿನ ಪಾತ್ರೆಯ ಮುಚ್ಚಳ ತೆಗೆದೆ. ಜಾರಿತು. ಜಾರಿದ್ದನ್ನು ನೆಲಕ್ಕೆ ಬೀಳಲು ಬಿಡಬೇಕು ತಾನೆ? ಕುದಿಯುವ ಪಾತ್ರೆಯ ಮುಚ್ಚಳ ಅದು. ನಾನು ಎರಡೂ ಕೈ ಚಾಚಿ ಅದನ್ನು ಹಿಡಿದು ಹೊಟ್ಟೆಗೆ ಒತ್ತಿಕೊಂಡೆ. ಅಂಗೈ ಚುರ್ರ್ ಅಂತು. ನಾನು ಅಮ್ಮಾ ಅನ್ನಲಿಲ್ಲ. ಬಿಡಲೂ ಇಲ್ಲ. ಹಾಗೇ ಹಿಡಿದುಕೊಂಡು ಬಾಗಿಲ ಕಡೆ ನೋಡಿದೆ, ಅವನಿಗೆ ಕೇಳಿಸಿತೇನೋ ಅಂತ.

ಆಗ ನನ್ನ ಕೈ ನನಗೆ ಕಾಣಿಸಿತು ಕಣೇ. ಅದು ನನ್ನ ಕೈ ಅಲ್ಲ, ನಿನ್ನದು.

ಐದು ವರ್ಷ ನಿನ್ನನ್ನು ಬೆಕ್ಕು ಬೆಕ್ಕು ಅಂತ ಕರೆದು ನಕ್ಕಿದ್ದೆ. ಎಷ್ಟು ನಾಜೂಕಿನ ಹುಡುಗಿ ಅಂತ ಮೇಷ್ಟ್ರ ಹೆಂಡತಿಯ ಹತ್ತಿರ ಹೊಗಳಿದ್ದೆ. ಅದೆಲ್ಲ ಎಲ್ಲಿಂದ ಬಂತು ಅಂತ ಒಂದು ದಿನ ಯೋಚಿಸಲಿಲ್ಲ.

ಮುಚ್ಚಳವನ್ನು ಎತ್ತಿ ನೆಲಕ್ಕೆ ಹಾಕಿದೆ, ಬೇಕೆಂದೇ. ಒಳಗಿನಿಂದ "ಏನದು ಅಕ್ಕ?" ಅಂದ. "ಮುಚ್ಚಳ. ಇನ್ನೂ ಬೀಳತ್ತೆ" ಅಂದೆ. ಎಡಗೈಯಲ್ಲೇ ನೂಕಿ ಮಷೀನನ್ನು ಹಿತ್ತಿಲಿನಿಂದ ನಡುಮನೆಗೆ ತಂದೆ. ವ್ಯಾನಿನವನ ಹಳೆಯ ರೆಕ್ಸಿನ್ ತುಂಡು ಹಾಕಿ, ದಾರವೂ ಪೋಣಿಸದೆ, ಸುಮ್ಮನೆ ಓಡಿಸಿದೆ. ಹುಚ್ಚಿಯ ಹಾಗೆ ಓಡಿಸಿದೆ. ಅವನು ಊರುಗೋಲು ಇಲ್ಲದೆಯೇ ಎದ್ದು ಬಂದ. ಕಾಲು ಎಂದೋ ಸರಿಯಾಗಿತ್ತು ಅಂತ ಆಗ ತಿಳಿಯಿತು. ಬಂದದ್ದೂ ಕೇಳಿಸಲಿಲ್ಲ. ಚಕ್ರದ ಮೇಲೆ ಕೈಯಿಟ್ಟು ಮಷೀನು ನಿಲ್ಲಿಸಿ, ನನ್ನ ಮುಖ ನೋಡಿದ. ತಲೆ ಬಾಚಿ ಬೆಳೆಸಿದ ತಮ್ಮ ಅವನು, ಆದರೆ ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ನೀನು ನೋಡಿದ್ದೆ. ನಾನು ಕುರ್ಚಿಯ ಸಮೇತ ಹಿಂದಕ್ಕೆ ಸರಿದೆ. ಈ ವಯಸ್ಸಿಗೆ ನನಗೇ ಹಾಗಾದರೆ, ನಿನಗೆ ಆಗ ಎಷ್ಟಿತ್ತು? ಸಿಂಕು ಎಟಕುತ್ತಿತ್ತಾ?

"ಸಾಮಾನು ಕಟ್ಟು" ಅಂದೆ. "ಅವಳು ಏನೋ ಬರೆದಿರ್ಬೇಕು" ಅಂದ. "ಏನೂ ಬರ್ದಿಲ್ಲ, ನಿನ್ನ ಕೈ ನೋಡ್ಕೋ ಅಂದ್ಲು, ನೋಡ್ಕೊಂಡೆ. ನೀನು ಹೊರಡು ಕಣೋ" ಅಂದೆ. ಹೇಳುವಾಗ ಮಷೀನಿನ ಮೇಜಿಗೆ ಒರಗಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಮೇಷ್ಟ್ರು ಇಳಿದು ಬಂದರು, "ಏನಮ್ಮ, ಮಷೀನು ಮತ್ತೆ ಶುರುವಾಯ್ತು ಅಂತ ನನ್ನ ಹೆಂಡ್ತಿ ಖುಷಿಯಾಗಿ ಕಳ್ಸಿದ್ಲು" ಅಂತ. ಬಾಗಿಲಲ್ಲಿ ಇನ್ನೊಬ್ಬರು ನಿಂತಿದ್ದಕ್ಕೆ ಅವನು ಸುಮ್ಮನೆ ಚೀಲ ತುಂಬಿಕೊಂಡ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿಗೆ ವ್ಯಾನಿನವನು ಬಿಟ್ಟು ಬಂದ. ಅಲ್ಲಿಂದ ಕೆಲಸದ ಊರಿಗೆ ಹೋದನಂತೆ. ನಿನ್ನ ಮೇಡಂಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಮೊದಲು ಎತ್ತದಿದ್ದುದು ಅವನು ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದ ಅಂತ. ಆಮೇಲೆ ಎತ್ತದಿದ್ದುದು ನಾಚಿಕೆಗೆ. ನಿನಗೆ ಮಾತ್ರ ಈ ಪತ್ರ ಸಿಕ್ಕ ಮೇಲೇ ತಿಳಿಯಲಿ ಅಂತ ಕೇಳಿಕೊಂಡೆ, ನನ್ನ ಕೈಯಿಂದಲೇ ತಿಳಿಯಬೇಕಾಗಿತ್ತು. ಬೀಗ ಬದಲಾಗಿದೆ. ಅವನು ನನ್ನ ತಮ್ಮ, ಅವನ ಯೋಚನೆ ನನ್ನ ತಲೆಗಿರಲಿ, ನಿನ್ನ ತಲೆಗೆ ಬೇಡ. ಈ ಬಾಗಿಲು ಅವನಿಗೆ ಇನ್ನಿಲ್ಲ.

ಆ ಹಾಸನ್ನು ಬಿಚ್ಚಿ ಒರೆಸುವ ಬಟ್ಟೆ ಮಾಡಿದೆ.

ಈಗ ಗೇಟಿನ ಸಮಾಚಾರ. ಎಣ್ಣೆ ಅನ್ನುವುದು ಹಾಕಲು ಸುಲಭ, ತೆಗೆಯುವುದು ಎಂಥ ಕಷ್ಟ ನೋಡು. ಸೋಪು ಹಾಕಿ ಉಜ್ಜಿದೆ, ಸೀಮೆಎಣ್ಣೆ ಹಾಕಿ ಒರೆಸಿದೆ. ಊಹೂಂ, ಸದ್ದಿಲ್ಲ. ಈಗ ದಿನಾ ಬೆಳಗ್ಗೆ ಒಂದು ಲೋಟ ಉಪ್ಪುನೀರು ಅದರ ಕೀಲುಗಳಿಗೆ ಸುರಿಯುತ್ತಿದ್ದೇನೆ, ತುಕ್ಕು ಹಿಡಿಯಲಿ ಅಂತ. ದಾರಿಯಲ್ಲಿ ಹೋಗುವವರು ಇವಳಿಗೆ ಬುದ್ಧಿ ನೆಟ್ಟಗಿಲ್ಲ ಅಂತ ನೋಡುತ್ತಾರೆ. ನೋಡಲಿ. ಇವತ್ತು ಕುಂಯ್ ಅಂತು, ನಾಯಿಮರಿಯ ಹಾಗೆ.

ಹಾಸ್ಟೆಲ್ ಅಂತ ಹೇಳಬೇಕು ಅನ್ನಿಸಿದರೆ ಹಾಸ್ಟೆಲ್ ಅಂತಲೇ ಹೇಳು. ಬಾ ಅಂತ ಕರೆಯುವ ಮುಖ ನನಗಿಲ್ಲ. ನೀನು ಎಲ್ಲೇ ಇರು, ಉಪ್ಪುನೀರು ನಾನು ಸುರಿಯುತ್ತಲೇ ಇರುತ್ತೇನೆ.

ಅತ್ತೆ

ಆಗಸ್ಟ್ ೩೧

ಅತ್ತೆಗೆ,

ಕೈಗೆ ಮುಲಾಮು ಹಚ್ಚುತ್ತಿದ್ದೀಯಾ? ಇಲ್ಲಿ ನರ್ಸ್ ಹತ್ತಿರ ಕೇಳಿದೆ. ಹೊಸ ಚರ್ಮಕ್ಕೆ ಬಿಸಿಲು ತಾಗಬಾರದಂತೆ.

ನಿನ್ನ ಪತ್ರ ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ಸಾಯಂಕಾಲ ಪಾತ್ರೆ ತೊಳೆಯುವ ಸರದಿ ನನ್ನದು. ದೊಡ್ಡ ಮುಚ್ಚಳ ತೊಳೆಯುತ್ತಾ ಇದ್ದಕ್ಕಿದ್ದ ಹಾಗೆ ನನ್ನ ಅಂಗೈ ಉರಿಯಿತು. ನೀರು ತಣ್ಣಗೇ ಇತ್ತು. ಮೇಡಂಗೆ ಹೇಳಿದೆ. ಆ ಕಾಗದ ತೆಗೆದುಕೊಟ್ಟರು. ಎರಡು ಅಂಗೈಗೂ ಕೆಂಪು ಹಾಕಿದೆ. ಅದು ನಿನ್ನ ನೋವು, ನನ್ನದರಲ್ಲಿ ಹಾಕಿದರೆ ತಪ್ಪಾಗುತ್ತದೆಯೇನೋ ಅಂತ ಕೇಳಿದೆ. "ಎಲ್ಲಿಂದಾದ್ರೂ ಶುರುವಾಗ್ಲಿ" ಅಂದರು.

ನಿನ್ನೆ ಸಭೆ ಆಯಿತು. ಎಲ್ಲಿಗೆ ಅಂತ ಕೇಳಿದರು. ಮೊದಲು ಹಾಸ್ಟೆಲ್ಲಿಗೆ, ಶನಿವಾರಗಳಲ್ಲಿ ಅತ್ತೆ ಮನೆಗೆ ಅಂದೆ. ನಿನ್ನ ಮನೆಗೆ ಬಂದು ಎಲ್ಲ ನೋಡಿಕೊಂಡು ಹೋಗುತ್ತಾರಂತೆ. ಬೀಗವನ್ನೂ ನೋಡುತ್ತಾರೆ. ಅದೆಲ್ಲ ಸರಿ ಇದ್ದರೆ ಎರಡನೇ ಶನಿವಾರ ನನ್ನನ್ನು ಕಳಿಸುತ್ತಾರೆ. ಶನಿವಾರಗಳು ಹೇಗೆ ಆಗುತ್ತವೆ ಅಂತ ನೋಡಿಕೊಂಡು ಆಮೇಲೆ ಉಳಿದ ವಾರದ ಮಾತು. ನಿನಗೆ ಸಾಲುವುದಿಲ್ಲ ಅಂತ ಗೊತ್ತು. ನನಗೆ ಸದ್ಯಕ್ಕೆ ಇಷ್ಟೇ ಆಗುತ್ತದೆ.

ರೇಡಿಯೋ ನಿನ್ನ ಕ್ಷಮೆ ಕೇಳಿದ್ದಾಳೆ, ಬೈದದ್ದಕ್ಕೆ. ಉಪ್ಪು ಜಾಸ್ತಿ ಹಾಕಲು ಹೇಳು ಅಂದಳು.

ಆ ದಿನ ನೀನು ಗೇಟಿನ ಹತ್ತಿರ ಬಂದು ಕಾಯಬೇಡ. ನಡುಮನೆಯಲ್ಲೇ ಇರು, ಮಷೀನು ಓಡುತ್ತಿರಲಿ, ನಿಲ್ಲಿಸಬೇಡ. ಗೇಟು ಕಿರ್ರ್ ಅಂದರೆ ಆಯಿತು. ಅದಕ್ಕೆ ಇನ್ನೂ ದನಿ ಬಂದಿಲ್ಲದಿದ್ದರೆ ನಾನೇ ಜೋರಾಗಿ ಬಡಿದು ಒಳಗೆ ಬರುತ್ತೇನೆ.

ಬೆಕ್ಕು